ಪಿ ಮೌಲ್ಯದ ತಪ್ಪು ಓದು: ಹತ್ತು ಸಾವಿರ ಸಲ ಓಡಿಸಿದ ಮೇಲೆ ಬಿಟ್ಟಿತು

ಎಂ.ಎಸ್ಸಿ. ಸೈಕಾಲಜಿ ಡಿಸರ್ಟೇಶನ್‌ಗಳ ಲೆಕ್ಕ ನೋಡುವವರಿಗೆ ಈ ಸಾಲು ಗೊತ್ತೇ ಇದೆ: "ಪಿ 0.03, ಅಂದರೆ ಫಲಿತಾಂಶ ಆಕಸ್ಮಿಕವಾಗಿರುವ ಸಾಧ್ಯತೆ ಬರೀ ಶೇ. 3." ಇದು ತಪ್ಪು; ಪರಿಣಾಮವೇ ಇಲ್ಲದಿದ್ದಾಗ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆಯಷ್ಟೇ ಪಿ. ಈ ಚಟ ಬಿಡಿಸಲು ವ್ಯಾಖ್ಯೆ ಬರೆಸಿದ್ದಾಯಿತು, ಪಿ ಮೌಲ್ಯದ ಬಗ್ಗೆ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್‌ನ 2016ರ ಹೇಳಿಕೆ ಹಂಚಿದ್ದಾಯಿತು. ವ್ಯಾಖ್ಯೆ ಬಾಯಿಪಾಠವಾಯಿತು, ಚರ್ಚೆಯ ಅಧ್ಯಾಯದಲ್ಲಿ ಮತ್ತೆ ಅದೇ ಸಾಲು. ಕೆಲಸಕ್ಕೆ ಬಂದದ್ದು ಒಂದೇ: ಡೇಟಾಗೆ ಇಳಿಯುವ ಮೊದಲೇ ಅವರವರ ಅಧ್ಯಯನವನ್ನು ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ, ಕಾಲ್ಪನಿಕ ಡೇಟಾ ಹುಟ್ಟಿಸಿ, ಹತ್ತು ಸಾವಿರ ಸಲ ಓಡಿಸಿ ಬಂದದ್ದನ್ನು ಗ್ರಾಫ್‌ನಲ್ಲಿ ತೋರಿಸುವುದು. "ಇದೆಲ್ಲ ಪಿಎಚ್.ಡಿ.ಯವರಿಗೆ" ಎಂದಿದ್ದ ಬೆಂಗಳೂರಿನ ಗೈಡ್‌ಗಳೇ ಈಗ ಸಿನಾಪ್ಸಿಸ್ (ಅಧ್ಯಯನದ ಯೋಜನೆ) ಜೊತೆ ಆ ಗ್ರಾಫ್ ಕೇಳುತ್ತಾರೆ.

ಒತ್ತಡ ಅಳೆಯುವ ಹತ್ತು ಪ್ರಶ್ನೆಗಳ ಪಿಎಸ್‌ಎಸ್-10 ತೆಗೆದುಕೊಳ್ಳಿ. ಅಂಕ 0ರಿಂದ 40, ಎಸ್‌ಡಿ (ಅಂಕಗಳ ಹರಡು) ಸುಮಾರು 6 ಎಂದಿಟ್ಟುಕೊಳ್ಳಿ. ಪ್ರಾಣಾಯಾಮದ ಗುಂಪಿಗೂ ಕಂಟ್ರೋಲ್ ಗುಂಪಿಗೂ ನಿಜವಾದ ವ್ಯತ್ಯಾಸ 3 ಅಂಕ ಎಂದು ನಾವೇ ಕೊಡುತ್ತೇವೆ. ಗುಂಪಿಗೆ 20 ಜನರಿದ್ದರೆ ಮೂರರಲ್ಲಿ ಒಂದು ಸಲ ಮಾತ್ರ ಪಿ 0.05ರ ಕೆಳಗೆ ಇಳಿಯುತ್ತದೆ, ಅಂದರೆ ರೂಢಿಯ ಲೆಕ್ಕದಲ್ಲಿ "ಸಿಗ್ನಿಫಿಕೆಂಟ್" ಆಗಿ ಗೆಲ್ಲುತ್ತದೆ. ಉಳಿದ ಎರಡು ಸಲ "ಪರಿಣಾಮವಿಲ್ಲ" ಎಂದು ಬರೆದರೆ ಶುದ್ಧ ಸುಳ್ಳು, ಪರಿಣಾಮ ಇಟ್ಟವರು ನಾವೇ ತಾನೇ! ಇನ್ನೂ ಕೆಟ್ಟದ್ದು ಗೆದ್ದ ಸಲಗಳದ್ದು. ಈ ಸ್ಯಾಂಪಲ್‌ನಲ್ಲಿ ವ್ಯತ್ಯಾಸ ಸುಮಾರು 3.8 ದಾಟದೆ ಸಿಗ್ನಿಫಿಕೆಂಟ್ ಬರುವುದೇ ಕಷ್ಟ. ಹಾಗಾಗಿ ಗೆದ್ದವುಗಳ ಸರಾಸರಿ 5ರ ಹತ್ತಿರ ನಿಲ್ಲುತ್ತದೆ. ಹಳೆಯ ಪೇಪರಿನ ಎಫೆಕ್ಟ್ ಸೈಜನ್ನು (ಪರಿಣಾಮದ ಗಾತ್ರ) ಹಾಗೇ, ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಜಿ-ಪವರ್‌ಗೆ ಹಾಕಿದವರ ಸ್ಯಾಂಪಲ್ ಸಾಲದೆ ಹೋಗುವುದು ಇದಕ್ಕೇ.

ವ್ಯತ್ಯಾಸ ಸೊನ್ನೆ ಇಟ್ಟೂ ಓಡಿಸಿ. ಗುಂಪಿಗೆ 20, 30, 40, 50, 64 ಜನರಾದಾಗೆಲ್ಲ ಪಿ ಇಣುಕಿ, 0.05ರ ಕೆಳಗೆ ಸಿಕ್ಕಲ್ಲೇ ನಿಲ್ಲಿಸಿದರೆ, ಇಲ್ಲದ ಪರಿಣಾಮ ಇದೆ ಎನ್ನುವ ತಪ್ಪು ಶೇ. 5ರಿಂದ ಶೇ. 10 ದಾಟುತ್ತದೆ.

ದುಡ್ಡಿನ ಮಾತು. ಶೇ. 80 ಪವರ್‌ಗೆ, ಅಂದರೆ ಆ 3 ಅಂಕದ ವ್ಯತ್ಯಾಸವನ್ನು ನೂರರಲ್ಲಿ 80 ಸಲ ಹಿಡಿಯಲು, ಗುಂಪಿಗೆ 64, ಒಟ್ಟು 128 ಜನ. ಮೆಟ್ರೋ ಚಾರ್ಜು, ಕಾಫಿ ಸೇರಿ ತಲೆಗೆ 150 ರೂಪಾಯಿ ಹಿಡಿದರೂ 19 ಸಾವಿರ. ವಿದ್ಯಾರ್ಥಿಗಳು ಹಿಂದೆ ಸರಿಯುವುದು ಇಲ್ಲೇ. ದಾರಿ ಇದೆ: ಶುರುವಿನ ಅಂಕವನ್ನು ಕೋವೇರಿಯೇಟ್ ಮಾಡಿ, ಅಂದರೆ ವಿಶ್ಲೇಷಣೆಯಲ್ಲಿ ಅದರ ಪ್ರಭಾವವನ್ನು ಕಳೆಯಿರಿ. ಮೊದಲಿನ ಅಂಕಕ್ಕೂ ಕೊನೆಯದಕ್ಕೂ ಸಂಬಂಧ (ಕೊರಿಲೇಶನ್) 0.7 ಇದ್ದರೆ ಅರ್ಧದಷ್ಟು ಜನ ಸಾಕು, ಖರ್ಚು ಹತ್ತು ಸಾವಿರದ ಆಸುಪಾಸು.

ಇದರ ನಡುವೆ ಇನ್ನೊಂದನ್ನೂ ಓಡಿಸಿ ನೋಡಿದೆ. ಹೆಂಗಸರಲ್ಲಿ ವ್ಯತ್ಯಾಸ 4, ಗಂಡಸರಲ್ಲಿ 2, ಎರಡಕ್ಕೂ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ) 1.8. ಪಿ ಒಂದು ಕಡೆ 0.03, ಇನ್ನೊಂದು ಕಡೆ 0.27. "ಹೆಂಗಸರಿಗೆ ಮಾತ್ರ ಫಲಕಾರಿ" ಎಂದು ಬರೆದುಬಿಡುತ್ತಾರೆ. ಎರಡರ ಅಂತರವನ್ನೇ ಪರೀಕ್ಷಿಸಿದರೆ 2, ಎರರ್ 2.5, ಪಿ 0.43. ಈ ಅಂತರದ ಪರೀಕ್ಷೆ, ಅಂದರೆ ಇಂಟರಾಕ್ಷನ್, ನೋಡದೆ ಇಂಥ ಸಾಲಿಗೆ ನಾನು ಒಪ್ಪಿಗೆ ಕೊಡುವುದೇ ಇಲ್ಲ.

ರಿಸಲ್ಟ್ ವಾಕ್ಯವನ್ನೂ ಡೇಟಾಗೆ ಮೊದಲೇ ಬರೆಸಿ, ಅಂಕಿಗಳ ಜಾಗ ಖಾಲಿ ಬಿಡಿಸಿ. ಮೊದಲು ವ್ಯತ್ಯಾಸ, ಆಮೇಲೆ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸದ ಅಂದಾಜು ವ್ಯಾಪ್ತಿ), ಕೊನೆಗೆ ಪಿ. ಎಷ್ಟು ಅಂಕಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕಿಲ್ಲ ಎಂಬುದನ್ನೂ ಅಲ್ಲೇ ನಮೂದಿಸಿ. "ಪರಿಣಾಮವಿಲ್ಲ" ಎನ್ನಬೇಕಿದ್ದರೆ ಆ ಅಂಕ ಇಟ್ಟುಕೊಂಡು ಈಕ್ವಿವಲೆನ್ಸ್ ಟೆಸ್ಟ್ (ವ್ಯತ್ಯಾಸ ಅದಕ್ಕಿಂತ ಕಡಿಮೆಯೇ ಎಂದು ನೋಡುವ ಪರೀಕ್ಷೆ) ಮಾಡಬೇಕಾಗುತ್ತದೆ. ಅಂಕಿಅಂಶದ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಪಿ .000 ಎಂದು ತೋರಿಸಿದರೆ 0.001ಕ್ಕಿಂತ ಕಡಿಮೆ ಎಂದೇ ಬರೆಸಿ.