ಇಡ್ಲಿ ಆರ್ಡರ್ ಅವನೇ ಹೇಳಲಿ

ಮುಂಬೈನ ಧಾರಾವಿ ಕೊಳೆಗೇರಿಯ ಮಕ್ಕಳಿಗೆ ನಾನು ವಿಶೇಷ ಶಿಕ್ಷಕಿ. ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಆಟಿಸಂ ಇರುವವರು. ಸುಮಾರು ಮಕ್ಕಳ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರು. ಅವರು ಕೆಲಸಕ್ಕೆ ಹೋದರೆ ಮಗು ಕೋಣೆಯೊಳಗೇ. ‘ಹೊರಗ ಬಿಟ್ರ ಕಳದಹೋಗ್ತಾನ್ರೀ ಟೀಚರ್’ ಅನ್ನುತ್ತಾರೆ. ಆ ಭಯ ಸುಳ್ಳಲ್ಲ.

ರಾಣಿ ಬಾಗ್ ಮೃಗಾಲಯದ ಪೆಂಗ್ವಿನ್ ನೋಡಿದರೆ ಮಕ್ಕಳು ಕುಣಿಯುತ್ತಾರೆ, ಕರೆದುಕೊಂಡು ಹೋಗುತ್ತೇನೆ. ಆದರೆ ಅಲ್ಲಿ ಟಿಕೆಟ್ ತೆಗೆಯುವವರು ನಾವು, ತಿಂಡಿ ಹಂಚುವವರೂ ನಾವೇ. ಮಕ್ಕಳು ತಾವೇ ಮಾಡುವಂಥದ್ದು ಏನಾದರೂ ಇರಬೇಕಲ್ವಾ? ಅದಕ್ಕೇ ಮಾಟುಂಗಾ ಆರಿಸಿಕೊಂಡೆ. ಧಾರಾವಿ ಪಕ್ಕದ ಸಾಯನ್‌ನಿಂದ ರೈಲಿನಲ್ಲಿ ಒಂದೇ ಸ್ಟೇಷನ್. ಪೂರ್ವಕ್ಕೆ ಇಳಿದರೆ ಬಾಳೆಎಲೆ, ಮಲ್ಲಿಗೆ ಮಾರುವ ಮಾರ್ಕೆಟ್, ಅಲ್ಲೇ ಉಡುಪಿ ಹೋಟೆಲುಗಳು. ಶಾಲೆಯಲ್ಲಿ ಹಿಂದಿ, ಮರಾಠಿಗೆ ತಡವರಿಸುವ ಮಗುವಿಗೆ ಅಲ್ಲಿ ಕನ್ನಡ ನಡೆಯುತ್ತದೆ.

ಮೊದಲು ನಾನೊಬ್ಬಳೇ ಹೋಗಿ ಫೋಟೋ ತೆಗೆದುಕೊಂಡು ಬಂದೆ. ಟಿಕೆಟ್ ಕೌಂಟರ್, ಪ್ಲಾಟ್‌ಫಾರ್ಮ್, ಹೋಟೆಲ್ ಬಾಗಿಲು, ಕೈ ತೊಳೆಯುವ ಜಾಗ. ಸಾಲಾಗಿ ಅಂಟಿಸಿ ದಿನಾ ತೋರಿಸಿದೆ. ಮುಂದೇನು ಅಂತ ಗೊತ್ತಿದ್ದರೆ ಆಟಿಸಂ ಇರುವ ಮಗುವಿಗೆ ಗಾಬರಿ ಎಷ್ಟೋ ಕಡಿಮೆ. ಹೊರಡುವುದು 11 ಗಂಟೆ ಮೇಲೆ, ಆಫೀಸಿನವರ ನೂಕುನುಗ್ಗಲು ಇಳಿದ ಮೇಲೆ. ಲೋಕಲ್‌ನಲ್ಲಿ ಅಂಗವಿಕಲರ ಬೋಗಿ ಬೇರೆ ಇದೆ. ಅದು ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಗಾಡಿ ಅರ್ಧ ನಿಮಿಷ ನಿಂತರೆ ಜಾಸ್ತಿ. ಶಬ್ದ ತಡೆಯದವರಿಗೆ ಹೆಡ್‌ಫೋನ್, ಎಲ್ಲರ ಕೊರಳಲ್ಲೂ ಫೋನ್ ನಂಬರ್ ಬರೆದ ಕಾರ್ಡ್.

ಹೋಟೆಲಿನವರಿಗೆ ಮೊದಲೇ ಹೇಳಿಟ್ಟಿದ್ದೆ, ‘ಅಣ್ಣಾ, ಆರ್ಡರ್ ಹುಡುಗನೇ ಹೇಳಲಿ, ನನ್ನನ್ನು ಕೇಳಬೇಡಿ.’ ಅವತ್ತು ನನ್ನ ಜೊತೆ ಬಂದಿದ್ದ ಹುಡುಗ ಮಾತಾಡುವುದೇ ಅಪರೂಪ. ಸಪ್ಲೈಯರ್ ಬಂದು ನಿಂತರು. ಹುಡುಗ ಇಡ್ಲಿ ಚಿತ್ರದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ‘ಎಷ್ಟು ಪ್ಲೇಟ್ ಮಾರಾಯಾ?’ ಉತ್ತರ ಇಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಬೆರಳು ಮೊದಲು ಎದ್ದಿತು, ಆಮೇಲೆ ದನಿ: ‘ಒಂದು.’ ತಿಂದ ಮೇಲೆ ಕ್ಯಾಶ್ ಕೌಂಟರಿಗೆ ಹೋಗಿ ನೋಟು ಕೊಟ್ಟು, ಚಿಲ್ಲರೆ ಬರುವ ತನಕ ಚಾಚಿದ ಕೈ ತೆಗೆಯಲಿಲ್ಲ. ಕ್ಲಾಸಿನಲ್ಲಿ ಆಟದ ನೋಟು ಇಟ್ಟುಕೊಂಡು ತಿಂಗಳುಗಟ್ಟಲೆ ಹೇಳಿಕೊಟ್ಟಿದ್ದೆ. ಚಿಲ್ಲರೆಗೆ ಕಾಯಬೇಕು ಅನ್ನುವುದು ಅವನಿಗೆ ಹೊಳೆದದ್ದು ಇಲ್ಲಿ.

ಸುಮ್ನೆ ಕಾಯುವುದೇ ನಮ್ಮಂಥವರಿಗೆ ಕಷ್ಟ. ಜೊತೆಗೆ ಬರುವವರಿಗೆ ನಾನು ಹೇಳುವುದಿಷ್ಟೇ: ಮನಸ್ಸಿನಲ್ಲಿ ಹತ್ತು ಎಣಿಸಿ. ಆಗಲೂ ಆಗದಿದ್ದರೆ ಸನ್ನೆ ಮಾಡಿ, ಆಮೇಲೆ ಮಾತು, ಕೈ ಹಿಡಿದು ಮಾಡಿಸುವುದು ಕೊನೆಗೆ. ಮಗು ಕಲಿತ ಹಾಗೆ ಈ ಸಹಾಯವನ್ನೂ ಒಂದೊಂದಾಗಿ ಬಿಡುತ್ತಾ ಬರಬೇಕು.

ಅಮ್ಮಂದಿರನ್ನು ಸರದಿಯಂತೆ ಜೊತೆಗೆ ಕರೆಯುತ್ತೇನೆ. ಆ ದಿನದ ಕೂಲಿ ಹೋಗುತ್ತದೆ, ಅದನ್ನು ಕೊಟ್ಟೇ ಕರೆಯಬೇಕು. ಮಗ ಚಿಲ್ಲರೆ ಎಣಿಸುವುದನ್ನು ಕಣ್ಣಾರೆ ಕಂಡ ತಾಯಿ ಮರುದಿನ ಅವನನ್ನೇ ಅಂಗಡಿಗೆ ಕಳಿಸುತ್ತಾಳೆ.

ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಕೇಕ್ ತರುತ್ತೇವೆ ಅಂತ ಮುಂಬೈ ಕನ್ನಡಿಗರು ಆಗಾಗ ಫೋನ್ ಮಾಡುತ್ತಾರೆ. ಕೇಕ್ ಬೇಡ, ವಾರದ ದಿನ ಮೂರು ಗಂಟೆ ಬಿಡುವು ಮಾಡಿಕೊಂಡು ಒಂದು ಮಗುವಿನ ಜೊತೆ ಮಾಟುಂಗಾಕ್ಕೆ ಬನ್ನಿ ಅನ್ನುತ್ತೇನೆ. ದೊಡ್ಡವರು ಸಿಕ್ಕಷ್ಟೇ ಮಕ್ಕಳನ್ನು ಹೊರಡಿಸಲು ಆಗುವುದು.