ಎಂಜಿನ್ ಆಯಿಲ್: ದೊಡ್ಡ ಅಂಕಿಗಿಂತ ಸಣ್ಣಕ್ಷರ ಮುಖ್ಯ

ನನ್ನ ಕಾರಿನ ಆಯಿಲ್ ಬದಲಿಸುವುದು ನಾನೇ. ಡ್ರೈನ್ ಬೋಲ್ಟ್ ಬಿಚ್ಚುವುದು, ಫಿಲ್ಟರ್ ಹಾಕುವುದು ಬೇಗ ಕೈಗೆ ಹತ್ತುತ್ತದೆ. ತಲೆ ಓಡಿಸಬೇಕಾಗುವುದು ಯಾವ ಆಯಿಲ್ ತರಬೇಕು ಅನ್ನುವಲ್ಲಿ.

ಡಬ್ಬದ ಮೇಲೆ ದೊಡ್ಡದಾಗಿ 5ಡಬ್ಲ್ಯು-30, 15ಡಬ್ಲ್ಯು-40 ಅಂತ ಇರುತ್ತದಲ್ಲ, ಅದು ಎಸ್‌ಎಇ ಗ್ರೇಡ್, ಅಂದರೆ ಆಯಿಲ್ ಎಷ್ಟು ಮಂದ ಅನ್ನುವ ಗುರುತು. ಡಬ್ಲ್ಯು ಅಂದರೆ ವಿಂಟರ್. ಅದರ ಮುಂಚೆ ಇರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಂಜಿನ್ ಸಲೀಸಾಗಿ ತಿರುಗುತ್ತದೆ. 5ಡಬ್ಲ್ಯು ಆಯಿಲ್‌ಗೆ ಚಳಿಯಲ್ಲಿ ತಿರುಗುವ ಈ ಗುಣದ ಪರೀಕ್ಷೆ ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯುಗೆ ಮೈನಸ್ 20ರಲ್ಲಿ. ಕೊನೆಯ ಅಂಕಿ ಎಂಜಿನ್ ಕಾದಾಗ ಆಯಿಲ್ ಎಷ್ಟು ಮಂದ ಅನ್ನುವುದಕ್ಕೆ. ಅದನ್ನು 100 ಡಿಗ್ರಿಯಲ್ಲಿ ಅಳೆಯುತ್ತಾರೆ.

'5ಡಬ್ಲ್ಯು ನೀರಿದ್ದಂಗೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸವೆಯುತ್ತೆ' ಅನ್ನುವವರು ಬಹಳ. ನಾನು ಕಂಪನಿಗಳ ಡೇಟಾಶೀಟ್ ತೆಗೆದು ನೋಡುತ್ತೇನೆ. ಸಾಮಾನ್ಯವಾಗಿ 5ಡಬ್ಲ್ಯು-30 ಆಯಿಲ್ 40 ಡಿಗ್ರಿಯಲ್ಲಿ 60-70 ಸೆಂಟಿಸ್ಟೋಕ್ (ಮಂದತನದ ಅಳತೆ), 100 ಡಿಗ್ರಿಯಲ್ಲಿ ಹನ್ನೊಂದರ ಆಸುಪಾಸು. ಅಂದರೆ ಎಂಜಿನ್ ತಣ್ಣಗಿದ್ದಾಗ 'ನೀರಿನಂಥ' ಆಯಿಲ್ ಕೂಡ ಕಾದ ಎಂಜಿನ್‌ಗೆ ಬೇಕಾದದ್ದಕ್ಕಿಂತ ಐದಾರು ಪಟ್ಟು ಮಂದ! ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಭಾಗಗಳಿಗೆ ಬೇಗ ಹರಿದು ತಲುಪುವುದು ಮುಖ್ಯ, ಅಲ್ವಾ?

ಇಷ್ಟಾದರೂ ಗ್ರೇಡ್ ನೋಡಿಯಷ್ಟೇ ನಾನು ಕೊಳ್ಳುವುದಿಲ್ಲ. ಮೊದಲು ಕಾರಿನ ಜೊತೆ ಬಂದ ಪುಸ್ತಕ ತೆರೆಯುತ್ತೇನೆ. ನನ್ನದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್. ಪುಸ್ತಕದಲ್ಲಿ 5ಡಬ್ಲ್ಯು-30 ಪಕ್ಕದಲ್ಲೇ 'ಎಸಿಇಎ ಸಿ3' ಅಂತಿದೆ. ಯುರೋಪಿನ ಕಾರು ಕಂಪನಿಗಳ ಸಂಘ ಆಯಿಲ್‌ಗೆ ಇಟ್ಟ ಗುಣಮಟ್ಟ ಅದು. ನನಗೆ ಅದೇ ನಿಜವಾದ ಸೂಚನೆ. ಬೇರಿಂಗ್‌ನ ಸಂದಿಯಲ್ಲಿ ಆಯಿಲ್ ಸಿಕ್ಕಾಪಟ್ಟೆ ಕಾದು, ಒತ್ತಡಕ್ಕೆ ಸಿಕ್ಕಿದಾಗ ಅದರ ಪದರ ನಿಲ್ಲಬೇಕು. ಅದಕ್ಕೆ 150 ಡಿಗ್ರಿಯಲ್ಲಿ ಎಚ್‌ಟಿಎಚ್‌ಎಸ್ ಅನ್ನುವ ಅಳತೆ ಇದೆ. 30 ಗ್ರೇಡ್ ಅನ್ನಿಸಿಕೊಳ್ಳಲು 2.9 ಇದ್ದರೆ ಸಾಕು, ಸಿ3ಗೆ ಕನಿಷ್ಠ 3.5 ಬೇಕು. ಒಂದೇ ಅಂಕಿಯ ಎರಡು ಡಬ್ಬ, ಒಳಗಿನ ಮಾಲು ಬೇರೆ. ಇನ್ನೊಂದು ವಿಷಯ ಬೂದಿ. ಆಯಿಲ್‌ನ ಅಡಿಟಿವ್‌ಗಳು ಉರಿದು ಬರುವ ಬೂದಿ ಡಿಪಿಎಫ್‌ನಲ್ಲೇ ಕೂರುತ್ತದೆ. ಮಸಿಯಾದರೆ ರೀಜನರೇಶನ್‌ನಲ್ಲಿ (ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರ್ ಕಾಯಿಸಿ ಶುಚಿ ಮಾಡುವಾಗ) ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಹಾಗಾಗಿ ಸಿ3ಯಲ್ಲಿ ಬೂದಿಗೆ 0.8 ಶೇಕಡಾ ಮಿತಿ.

ಟರ್ಬೊ, ಡೈರೆಕ್ಟ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ನೇ ಒಡೆಯಬಹುದು. ಆಯಿಲ್ ಅದನ್ನು ತಡೆಯುತ್ತದಾ ಅಂತ ನೋಡುವ ಪರೀಕ್ಷೆ 2020ರಲ್ಲಿ ಬಂದ ಎಪಿಐ ಎಸ್‌ಪಿ ಅನ್ನುವ ಅಮೆರಿಕದ ಗುಣಮಟ್ಟದಲ್ಲಿದೆ. ಗೆಳೆಯರು ಕೇಳಿದರೆ ಎಸ್‌ಪಿ ಇದೆಯಾ ನೋಡಿ ಅನ್ನುತ್ತೇನೆ.

ಆಮೇಲೆ ಡಬ್ಬದ ಹಿಂಬದಿ. ಅಲ್ಲಿ 'ಅಪ್ರೂವ್ಡ್' ಅಂತಿದ್ದರೆ ಕಾರು ಕಂಪನಿ ಪರಿಶೀಲಿಸಿ ಒಪ್ಪಿದೆ ಅಂತ. 'ಸೂಟಬಲ್ ಫಾರ್' ಅಂತಿದ್ದರೆ ಅದು ಆಯಿಲ್ ಕಂಪನಿಯ ಮಾತು ಮಾತ್ರ. ನಾನು ಮೊದಲನೆಯದನ್ನೇ ಹುಡುಕುತ್ತೇನೆ. ಫುಲ್ಲಿ ಸಿಂಥೆಟಿಕ್ ಅಂತ ಹೊಳೆಯುವ ಅಕ್ಷರಕ್ಕೆ ಸುಮ್ನೆ ಮರುಳಾಗುವುದಿಲ್ಲ. ಬೇಕಾದ ಸ್ಪೆಸಿಫಿಕೇಶನ್ ಇಲ್ಲದಿದ್ದರೆ ಸಿಂಥೆಟಿಕ್ ಆಗಿ ಏನು ಬಂತು?

ಪುಸ್ತಕ ಎರಡು ಗ್ರೇಡ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ನನ್ನ ಇಷ್ಟ ನಡೆಯುತ್ತದೆ. ಸುಡು ಬಿಸಿಲಲ್ಲಿ ಭಾರ ಹೇರಿ ದೂರ ಓಡಿಸುವುದು ಜಾಸ್ತಿ ಇದ್ದರೆ 40, ಇಲ್ಲದಿದ್ದರೆ 30.

ಹಾಕುವಾಗ ಹೇಳಿದ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ಒರೆಸಿ ನೋಡುತ್ತೇನೆ. ಡೀಸೆಲ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ. ಮಸಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ, ಅದಕ್ಕೆ ಗಾಬರಿ ಬೇಡ. ಮಟ್ಟ ಇಳಿಯುವ ಬದಲು ಏರುತ್ತಾ ಹೋದರೆ ಮಾತ್ರ ಹುಷಾರು. ರೀಜನರೇಶನ್ ಅರ್ಧಕ್ಕೆ ನಿಂತು ನಿಂತು ಡೀಸೆಲ್ ಆಯಿಲ್‌ಗೆ ಸೇರುತ್ತಿರಬಹುದು. ಹಾಗಾದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಬೇಗನೆ ಬದಲಿಸಿಬಿಡುತ್ತೇನೆ.