ಒಂದೇ ಒಲೆ, ಮೂವತ್ತು ಮಕ್ಕಳು: ಶನಿವಾರದ ಅಡುಗೆ ತರಗತಿಯಲ್ಲಿ ನನ್ನ ಅನುಭವ

ಆರು ಮತ್ತು ಏಳನೇ ತರಗತಿಯ ಮಕ್ಕಳ ಕೈಯಿಂದಲೇ ಶಾಲೆಯಲ್ಲಿ ಅಡುಗೆ ಮಾಡಿಸುತ್ತೇನೆ ಎಂದಾಗ ನಮ್ಮ ಕ್ಲಸ್ಟರ್‌ನ (ಸುತ್ತಲಿನ ಶಾಲೆಗಳ ಗುಂಪಿನ) ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಕ್ಕವರೇ ಹೆಚ್ಚು. "ಮೇಷ್ಟ್ರೇ, ಯಾವುದಾದರೂ ಮಗು ಸುಟ್ಟುಕೊಂಡರೆ ಯಾರು ಹೊಣೆ?" ಎಂದರು ಕೆಲವರು. "ಒಂದು ಸಲ ಮಾಡಿಸುತ್ತೀರಿ, ಫೋಟೊ ತೆಗೆದು ಗುಂಪಿಗೆ ಹಾಕುತ್ತೀರಿ, ಅಲ್ಲಿಗೆ ಮುಗಿಯಿತು" ಎಂದರು ಇನ್ನು ಕೆಲವರು. ಈ ಎರಡನೆಯ ಮಾತು ಹೆಚ್ಚು ಚುಚ್ಚಿತು. ಈಗ ಎರಡನೇ ವರ್ಷ ನಡೆಯುತ್ತಿದೆ, ತಿಂಗಳಿಗೊಂದು ಶನಿವಾರ ತಪ್ಪಿಲ್ಲ. ಅಂದು ನಕ್ಕವರಲ್ಲಿ ಇಬ್ಬರು ತಮ್ಮ ಶಾಲೆಗೂ ಬಂದು ತೋರಿಸಿ ಎಂದು ಕರೆದಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಹಿರಿಯ ಪ್ರಾಥಮಿಕ ಶಾಲೆ. ಎರಡೂ ತರಗತಿ ಸೇರಿದರೆ ಸುಮಾರು ಮೂವತ್ತು ಮಕ್ಕಳು. ಅಕ್ಷರ ದಾಸೋಹ, ಅಂದರೆ ಶಾಲೆಯ ಮಧ್ಯಾಹ್ನದ ಬಿಸಿಯೂಟ ಬಂದು ಇಪ್ಪತ್ತು ವರ್ಷ ದಾಟಿತು. ಒಲೆ, ಪಾತ್ರೆ, ಅಡುಗೆಯವರು ಎಲ್ಲ ಶಾಲೆಯ ಆವರಣದಲ್ಲೇ ಇದ್ದಾರೆ. ಆದರೆ ಮಕ್ಕಳಿಗೆ ಅಡುಗೆ ಕಾಣಿಸುವುದು ತಟ್ಟೆಗೆ ಬಿದ್ದ ಮೇಲೆಯೇ. ಅಡುಗೆ ಕೋಣೆಯೊಳಗೆ ಅವರನ್ನು ಬಿಡುವಂತಿಲ್ಲ, ಬಿಡಲೂ ಬಾರದು. ಹಾಗಾಗಿ ಬ್ಯಾಗ್ ರಹಿತ ಶನಿವಾರ ಬಂದಾಗ ಹಿಂದಿನ ಜಗಲಿಯನ್ನೇ ಅಡುಗೆಮನೆ ಮಾಡಿಕೊಂಡೆ. ಬೆಳಗಿನ ಶಾಲೆಯಾದ್ದರಿಂದ ಪ್ರಾರ್ಥನೆ, ಹಾಜರಿ ಕಳೆದು ಕೈಗೆ ಸಿಗುವುದು ಎರಡೂವರೆ ಗಂಟೆ. ತೊಳೆಯುವುದೂ ಅದರಲ್ಲೇ ಮುಗಿಯಬೇಕು.

ಮೊದಲು ಮಾಡಿಸಿದ್ದು ಅಕ್ಕಿ ರೊಟ್ಟಿ. ಎಲ್ಲರಿಗೂ ಗೊತ್ತಿರುವ ತಿಂಡಿ, ಖರ್ಚು ಕಡಿಮೆ, ತಟ್ಟುವುದು ಮಕ್ಕಳಿಗೆ ಇಷ್ಟ. ಲೆಕ್ಕ ಹಾಕಿ ನೋಡಿ: ಒಂದು ರೊಟ್ಟಿ ಬೇಯಲು ನಾಲ್ಕು ನಿಮಿಷವೆಂದರೂ ಮೂವತ್ತು ರೊಟ್ಟಿಗೆ ಎರಡು ಗಂಟೆ. ಕಾವಲಿಯ ಮುಂದೆ ಇಬ್ಬರಿಗೆ ಕೆಲಸ, ಉಳಿದವರೆಲ್ಲ ಅವರ ಬೆನ್ನು ನೋಡುತ್ತಾ ನಿಂತರು. ಹತ್ತು ನಿಮಿಷದಲ್ಲಿ ಹಿಟ್ಟು ಒಬ್ಬರ ಕೆನ್ನೆಯಿಂದ ಇನ್ನೊಬ್ಬರ ಕೆನ್ನೆಗೆ ಹೋಗತೊಡಗಿತು. ಒಲೆ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಮುಂದಿನ ತಿಂಗಳು ಮೂರು ಒಲೆ ಹೂಡಿದೆ. ಒಂದು ಗ್ಯಾಸ್, ಎರಡು ಇಂಡಕ್ಷನ್. ಎರಡು ಇಂಡಕ್ಷನ್ ಒಟ್ಟಿಗೆ ಹಚ್ಚಿದ ಕೂಡಲೇ ಶಾಲೆಯ ಫ್ಯೂಸ್ ಹೋಯಿತು, ಜೊತೆಗೆ ಮುಖ್ಯ ಶಿಕ್ಷಕರ ಕೋಣೆಯ ಕಂಪ್ಯೂಟರೂ. ಅವರು ಅಂದು ಏನೋ ತುರ್ತು ಮಾಹಿತಿ ತುಂಬುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಮೂರು ಒಲೆಗೆ ಮೂರು ಜೋಡಿ ದೊಡ್ಡ ಕಣ್ಣು ಬೇಕು, ನಮ್ಮಲ್ಲಿದ್ದದ್ದು ಒಂದೂವರೆ ಜೋಡಿ. ಅರ್ಧ ಯಾರು ಎಂದು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ಆಮೇಲೆ ಒಲೆಯೇ ಬೇಡವೆಂದು ಕೋಸಂಬರಿ, ಪಾನಕಕ್ಕೆ ಇಳಿದೆ. ಕೆಲಸ ಎಲ್ಲರಿಗೂ ಸಿಕ್ಕಿತು. ಆದರೆ ಉಪ್ಪು ಹಾಕುವ ಆಸೆಯೂ ಎಲ್ಲರಿಗೂ ಇತ್ತು. ನಾಲ್ಕಾರು ಕೈ ಉಪ್ಪು ಬಿದ್ದು, ಸೌತೆಕಾಯಿ ನೀರು ಬಿಟ್ಟು, ಹೆಸರುಬೇಳೆ ಉಪ್ಪುನೀರಿನಲ್ಲಿ ತೇಲಿತು. ಅಷ್ಟೂ ಎಮ್ಮೆಗೂ ಬೇಡವಾಯಿತು. ಈ ಮೂರು ತಿಂಗಳಲ್ಲಿ ಚಾಕು, ಸೌಟು, ಇಂಡಕ್ಷನ್ ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ನಾಲ್ಕೂವರೆ ಸಾವಿರದ ಆಸುಪಾಸು. ಮನೆಯಲ್ಲಿ ಹೇಳಿದ್ದು ಎರಡು ಸಾವಿರ.

ದಾರಿ ಸಿಕ್ಕಿದ್ದು ಗೊಜ್ಜವಲಕ್ಕಿಯಿಂದ. ಅದರಲ್ಲಿ ಬೆಂಕಿಯ ಕೆಲಸ ಒಗ್ಗರಣೆಯ ಐದಾರು ನಿಮಿಷ ಮಾತ್ರ. ಅದಕ್ಕೆ ಮೊದಲು ಕುಟ್ಟುವುದು, ಜರಡಿ ಹಿಡಿಯುವುದು, ಹುಣಸೆ ಕಿವುಚುವುದು, ಬೆಲ್ಲ ಪುಡಿ ಮಾಡುವುದು, ಕೊಬ್ಬರಿ ತುರಿಯುವುದು, ಅಳೆಯುವುದು, ಕಲಸುವುದು ಎಂದು ಕೈಗಳಿಗೆ ಕೆಲಸವೋ ಕೆಲಸ. ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಯಾವುದು ರುಚಿ, ಯಾವುದು ಪೌಷ್ಟಿಕ ಎಂದು ಮೊದಲು ನೋಡುವುದಿಲ್ಲ. ಬೆಂಕಿಯ ಮುಂದೆ ಎಷ್ಟು ನಿಮಿಷ, ಬೆಂಕಿಯಿಲ್ಲದೆ ಎಷ್ಟು ಕೈಗೆ ಕೆಲಸ, ಇವೆರಡನ್ನು ಕಾಗದದಲ್ಲಿ ಬರೆದುಕೊಳ್ಳುತ್ತೇನೆ. ಬೆಂಕಿ ಕಾಲು ಗಂಟೆ ಮೀರಿದರೆ ಆ ತಿಂಡಿ ನಮ್ಮ ಶಾಲೆಗೆ ಬರುವುದಿಲ್ಲ. ಹೀಗೆ ಸೋಸಿದಾಗ ಉಳಿದವು ತಂಬಿಟ್ಟು, ಎಳ್ಳು-ಬೆಲ್ಲದ ಉಂಡೆ, ಮಂಡಕ್ಕಿ ಒಗ್ಗರಣೆ, ಮೊಳಕೆ ಕಾಳಿನ ಉಸಲಿ, ಚಟ್ನಿಪುಡಿ. ಮುದ್ದೆ ಹೋಯಿತು. ಕುದಿಯುವ ಎಸರು, ಮೇಲೆ ಕೋಲು ತಿರುವುವ ಜೋರು, ಅದು ಹನ್ನೆರಡು ವರ್ಷದ ಕೈಗೆ ಹೇಳಿದ್ದಲ್ಲ.

ಜಗಲಿಯಲ್ಲಿ ನಾಲ್ಕು ಮೂಲೆ. ಒಂದರಲ್ಲಿ ಅಳತೆ ಮತ್ತು ಲೆಕ್ಕ, ಒಂದರಲ್ಲಿ ಕುಟ್ಟುವುದು, ಒಂದರಲ್ಲಿ ಹೆಚ್ಚುವುದು ಮತ್ತು ತುರಿಯುವುದು, ಕೊನೆಯದರಲ್ಲಿ ಕಲಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದರೆ ಗುಂಪುಗಳು ಮೂಲೆ ಬದಲಿಸುತ್ತವೆ. ಒಲೆ ಈ ನಾಲ್ಕರಲ್ಲೂ ಇಲ್ಲ. ಅದು ಗೋಡೆಯ ಪಕ್ಕ, ಗಾಳಿ ಬೀಸದ ಕಡೆ, ಸುತ್ತ ಮೂರಡಿ ದೂರಕ್ಕೆ ಸುಣ್ಣದ ಗೆರೆ. ಗೆರೆಯೊಳಗೆ ನಾನು ಮತ್ತು ಒಮ್ಮೆಗೆ ಇಬ್ಬರು ಮಕ್ಕಳು, ಅಷ್ಟೇ. ಜಡೆ ಕಟ್ಟಿರಬೇಕು, ವೇಲ್ ಸೊಂಟಕ್ಕೆ ಸಿಕ್ಕಿಸಿರಬೇಕು. ಬಕೆಟ್ ನೀರು ಮತ್ತು ನಲ್ಲಿ ಹತ್ತಿರ. ಒಮ್ಮೆ ಸಾಸಿವೆ ಸಿಡಿದು ಒಬ್ಬ ಹುಡುಗನ ಮುಂಗೈಗೆ ತಾಗಿತು. ಇಪ್ಪತ್ತು ನಿಮಿಷ ಹರಿಯುವ ನೀರಿನಡಿ ಹಿಡಿಸಿದೆ, ಬೊಬ್ಬೆ ಬರಲಿಲ್ಲ. ಟೂತ್‌ಪೇಸ್ಟ್ ಹಚ್ಚಲು ಓಡಿ ಬಂದ ಇಬ್ಬರನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ಆಮೇಲಿನಿಂದ ಸಾಸಿವೆ ಹಾಕುವವರು ಎಡಗೈಯಲ್ಲಿ ತಟ್ಟೆ ಹಿಡಿದು ಮುಚ್ಚುತ್ತಾರೆ.

ಗೊಜ್ಜವಲಕ್ಕಿಯ ಸಾಮಾನು ನೆನಪಿನಿಂದ ಹೇಳುತ್ತೇನೆ. ಮೂವತ್ತು ಮಕ್ಕಳಿಗೆ ಗಟ್ಟಿ ಅವಲಕ್ಕಿ ಎರಡು ಕೆಜಿ, ಬೆಲ್ಲ ಕಾಲು ಕೆಜಿಗಿಂತ ತುಸು ಹೆಚ್ಚು, ಹುಣಸೆ ಇನ್ನೂರು ಗ್ರಾಂ, ಕಡಲೆಕಾಯಿ ಬೀಜ ಕಾಲು ಕೆಜಿ, ಎಣ್ಣೆ ಕಾಲು ಲೀಟರ್. ಸಾರಿನ ಪುಡಿ ನಮ್ಮ ಮನೆಯದು. ಕೊಬ್ಬರಿಗೆ ನಮ್ಮ ತೆಂಗಿನ ಸೀಮೆಯಲ್ಲಿ ದುಡ್ಡು ಕೊಟ್ಟರೆ ನಗುತ್ತಾರೆ, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಅಟ್ಟದಿಂದ ಬರುತ್ತದೆ. ಒಟ್ಟು ಮುನ್ನೂರು, ಮುನ್ನೂರೈವತ್ತರೊಳಗೆ, ಅಂದರೆ ತಲೆಗೆ ಹತ್ತು ಹನ್ನೊಂದು ರೂಪಾಯಿ.

ಕುಟ್ಟುವ ಮೂಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೊಸಬರು ಸೋಲುವುದು ಅಲ್ಲೇ. ಹಳೆಯ ಒರಳಿನಲ್ಲಿ ಮಕ್ಕಳು ಕುಟ್ಟಿದರೆ ಅರ್ಧ ನೆಲಕ್ಕೆ, ಅರ್ಧ ಹಿಟ್ಟು. ಹಿಟ್ಟಾದ ಅವಲಕ್ಕಿಗೆ ಹುಣಸೆರಸ ಬಿದ್ದರೆ ಗೋಂದು. ಈಗ ಬಿಳಿಯ ಬಟ್ಟೆಯ ಚೀಲ ಹೊಲಿಸಿದ್ದೇನೆ. ಎರಡು ಹಿಡಿ ಅವಲಕ್ಕಿ ಹಾಕಿ ಬಾಯಿ ಮಡಚಿ ಬೆಂಚಿನ ಮೇಲಿಟ್ಟು ಲಟ್ಟಣಿಗೆ ಉರುಳಿಸಬೇಕು. ಮೊದಲು ಕರಕರ ಎನ್ನುತ್ತದೆ, ಆಮೇಲೆ ಆ ಸದ್ದು ಮೆತ್ತಗಾಗುತ್ತದೆ. ಸದ್ದು ಇಳಿದ ಕೂಡಲೇ ನಿಲ್ಲಿಸಿ ಎಂದು ಹೇಳಿಕೊಟ್ಟಿದ್ದೇನೆ. ಈಗ ಮಕ್ಕಳು ಚೀಲ ಬಿಚ್ಚಿ ನೋಡುವುದೇ ಇಲ್ಲ, ಕಿವಿಯಲ್ಲೇ ಹೇಳುತ್ತಾರೆ. ಬಂದದ್ದನ್ನು ಜರಡಿ ಹಿಡಿದರೆ ಮೇಲೆ ಉಳಿಯುವ ದಪ್ಪ ರವೆ ಗೊಜ್ಜವಲಕ್ಕಿಗೆ. ನಾಲ್ಕು ಲೋಟ ರವೆಗೆ ರಸ ಮೂರು ಲೋಟದಷ್ಟು. ಹುಣಸೆ, ಬೆಲ್ಲ, ಉಪ್ಪು, ಸಾರಿನ ಪುಡಿ ಎಲ್ಲ ಆ ರಸದಲ್ಲೇ ಕರಗಿರುತ್ತವೆ. ಉಪ್ಪಿನ ಡಬ್ಬಿ ಒಬ್ಬರ ವಶ. ಅಳೆದು ರಸಕ್ಕೆ ಹಾಕಿದ ಮೇಲೆ ಡಬ್ಬಿ ಮುಖ್ಯ ಶಿಕ್ಷಕರ ಮೇಜಿಗೆ ಹೋಗುತ್ತದೆ. ರಸ ಒಮ್ಮೆಲೇ ಸುರಿಯದೆ ಹೇಗೆ ಹಾಕಿದರೆ ಉದುರುದುರಾಗಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಜಿಲ್ಲಾ ಮಟ್ಟದ ಪ್ರದರ್ಶನವೊಂದು ಬರುವುದಿದೆ, ಅದು ಮುಗಿಯಲಿ.

ಜರಡಿಯ ಕೆಳಗೆ ಬಿದ್ದ ಹಿಟ್ಟನ್ನು ಎಸೆಯಲು ಮನಸ್ಸಾಗಲಿಲ್ಲ. ಬೆಲ್ಲ, ಕೊಬ್ಬರಿ ತುರಿ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿಸಿದೆ. ಗೊಜ್ಜವಲಕ್ಕಿಗಿಂತ ಅದೇ ಬೇಗ ಖಾಲಿಯಾಗುತ್ತದೆ. ಹೀಗೆ ಅಡ್ಡದಾರಿ ಹಿಡಿದದ್ದು ಇನ್ನೂ ಇವೆ. ಹೆಸರುಕಾಳನ್ನು ಒಂದೇ ರಾತ್ರಿ ನೆನೆಸಿ, ನಾಲ್ಕು ಬಟ್ಟೆಯಲ್ಲಿ ಕಟ್ಟಿ, ಒಂದನ್ನು ಬಿಸಿಲಲ್ಲಿ, ಒಂದನ್ನು ಮಡಕೆಯಲ್ಲಿ, ಒಂದನ್ನು ಕಪಾಟಿನಲ್ಲಿ, ಒಂದನ್ನು ನೀರಿನಲ್ಲೇ ಬಿಟ್ಟೆವು. ಮಡಕೆಯದು ಗೆದ್ದಿತು, ಬಿಸಿಲಿನದು ಒಣಗಿತು, ನೀರಿನದು ನಾರಿತು. ಮೊಳಕೆಗೆ ನೀರಿನ ಜೊತೆ ಗಾಳಿಯೂ ಬೇಕು ಎಂದು ಬೋರ್ಡಿನ ಮೇಲೆ ಬರೆಯುವ ಅಗತ್ಯ ಬೀಳಲಿಲ್ಲ. ಇನ್ನೊಮ್ಮೆ ಒಬ್ಬಳು ಅರಿಶಿನದ ಕೈಯನ್ನು ಸೋಪಿನಿಂದ ತೊಳೆಯುವಾಗ ಕೆಂಪಾದದ್ದು ಕಂಡು ಕೂಗಿಕೊಂಡಳು. ಅಂದು ತಿಂಡಿ ಅರ್ಧಕ್ಕೆ ನಿಂತಿತು. ಸುಣ್ಣ, ಸೋಡ, ನಿಂಬೆರಸ ಎಲ್ಲ ತಂದು ಅರಿಶಿನದ ಕಾಗದ ಮಾಡಿ ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಅಲ್ಲೇ ಮುಗಿಸಿದೆ. ಲಿಟ್ಮಸ್ ಕಾಗದಕ್ಕೆ ಬೇಡಿಕೆ ಕಳಿಸಿ ವರ್ಷವಾಗಿತ್ತು.

ಹೆಣ್ಣುಮಕ್ಕಳ ವಿಷಯ ಯಾರೂ ಹೇಳಿರಲಿಲ್ಲ. ಏಳನೇ ತರಗತಿಯ ಅರ್ಧ ಹುಡುಗಿಯರು ಮನೆಯಲ್ಲಿ ದಿನಾ ಒಲೆ ಹಚ್ಚುವವರೇ. ಬಿಟ್ಟರೆ ಎಲ್ಲ ಕೆಲಸ ಅವರೇ ಸೆಳೆದುಕೊಂಡು ಮುಗಿಸಿಬಿಡುತ್ತಾರೆ, ಹುಡುಗರು ರುಚಿ ನೋಡುವ ಪರಿಣತರಾಗುತ್ತಾರೆ. ಅದಕ್ಕೆ ಚೀಟಿ ಎತ್ತಿಸಿ ಗುಂಪು ಮಾಡುತ್ತೇನೆ, ಮನೆಯಲ್ಲಿ ಅಡುಗೆ ಮಾಡುವವರನ್ನು ಮೊದಲ ಸುತ್ತಿಗೆ ತಕ್ಕಡಿ ಮತ್ತು ಲೆಕ್ಕದ ಮೂಲೆಗೆ ಕಳಿಸುತ್ತೇನೆ. "ನಮ್ಮ ಹುಡುಗನ ಕೈಗೆ ಸೌಟು ಕೊಡುತ್ತೀರಾ?" ಎಂದು ಒಬ್ಬ ತಂದೆ ಬಂದಿದ್ದರು. ಅವರ ಮಗ ಮಾಡಿದ ಮಂಡಕ್ಕಿಯನ್ನು ಅವರ ಮುಂದೆಯೇ ಇಟ್ಟೆ. ತಿಂದರು, ಏನೂ ಹೇಳದೆ ಹೋದರು. ಮುಂದಿನ ತಿಂಗಳು ಐದು ಕೆಜಿ ಮಂಡಕ್ಕಿ ಚೀಲ ಕಳಿಸಿದರು.

ಯಾರು ಮುಟ್ಟಿದ್ದನ್ನು ಯಾರು ತಿನ್ನುವುದು ಎಂಬ ಮಾತೂ ಬಂತು, ಬಾರದಿದ್ದರೆ ಆಶ್ಚರ್ಯ. ನಮ್ಮ ಮಗು ಪಾನಕ ಮಾತ್ರ ಕುಡಿಯುತ್ತದೆ ಎಂದು ಒಂದು ಮನೆಯಿಂದ ಹೇಳಿ ಕಳಿಸಿದರು. ನಾನು ವಾದಕ್ಕೆ ಹೋಗಲಿಲ್ಲ, ನಿಯಮವನ್ನೂ ಸಡಿಲಿಸಲಿಲ್ಲ. ಎಲ್ಲರ ಕೈಯೂ ಒಂದೇ ಬೇಸಿನ್‌ನಲ್ಲಿ ಕಲಸುತ್ತದೆ, ಬೇಸಿನ್ ಒಂದೇ ಇರುವುದು. ಆ ಮಗು ಎರಡು ತಿಂಗಳು ಪಾನಕ ಕುಡಿಯಿತು. ಮೂರನೆಯ ತಿಂಗಳು ತಾನೇ ಕುಟ್ಟಿದ ಅವಲಕ್ಕಿಯನ್ನು ಬಿಡಲಾಗದೆ ತಿಂದಿತು.

ದುಡ್ಡಿನ ಕಥೆ ಈಗ ಹೀಗಿದೆ. ಮಕ್ಕಳ ಸಂತೆಯಲ್ಲಿ ಕೋಸಂಬರಿ, ಪಾನಕ, ಚಟ್ನಿಪುಡಿ ಪೊಟ್ಟಣ ಮಾರಿಸಿದೆವು. ಚಟ್ನಿಪುಡಿಯೇ ಹೆಚ್ಚು ಹೋಯಿತು. ಖರ್ಚು ಕಳೆದು ಸಾವಿರದ ನೂರೋ ಇನ್ನೂರೋ ಉಳಿಯಿತು. ಅದನ್ನು ಡಬ್ಬಿಗೆ ಹಾಕಿ, ಲೆಕ್ಕದ ಪುಸ್ತಕ ಮಕ್ಕಳ ಕೈಗೇ ಕೊಟ್ಟಿದ್ದೇನೆ. ಅವರು ನನಗಿಂತ ಜಿಪುಣರು. ಏಲಕ್ಕಿ ಬೇಡ ಎಂದು ಕಳೆದ ತಿಂಗಳು ಮತ ಹಾಕಿದರು. ಚಾಕುಗಳು ಹತ್ತು ಇದ್ದವು, ಈಗ ಏಳು ಇವೆ. ಹಲ್ಲಿರುವ ಚಿಕ್ಕ ಚಾಕು, ಒಂದಕ್ಕೆ ಮೂವತ್ತು ರೂಪಾಯಿ ಆಗುತ್ತದೆ. ಅದಕ್ಕೇ ಈಗ ನಂಬರ್ ಬರೆದು ಹಲಗೆಯಲ್ಲಿ ಸಿಕ್ಕಿಸುತ್ತೇವೆ, ಹಲಗೆ ತುಂಬುವವರೆಗೆ ತಿಂಡಿ ಬಡಿಸುವುದಿಲ್ಲ. ಈಳಿಗೆಮಣೆಯನ್ನು ಜಗಲಿಗೆ ತರುವುದೇ ಇಲ್ಲ.

ಶುರು ಮಾಡುವವರು ಕಡಲೆಕಾಯಿ ಆಗದ ಮಕ್ಕಳು ಇದ್ದಾರೆಯೇ ಎಂದು ಮನೆಯವರನ್ನು ಮೊದಲೇ ಕೇಳಿ, ಬರೆಸಿಟ್ಟುಕೊಳ್ಳಿ. ಪಾತ್ರೆ ತೊಳೆಯಲು ಜಗಳವಾಗದಂತೆ ಮಾಡುವ ಉಪಾಯ ನನ್ನ ಬಳಿ ಇದೆ. ಆದರೆ ಅದನ್ನು ನಮ್ಮ ಮಕ್ಕಳೂ ಓದಿಬಿಟ್ಟರೆ ಮುಂದಿನ ಶನಿವಾರದಿಂದ ಪಾತ್ರೆಗಳನ್ನು ನಾನೇ ತೊಳೆಯಬೇಕಾಗುತ್ತದೆ. ಈ ತಿಂಗಳು ಹುರುಳಿಕಾಳಿನ ಚಟ್ನಿಪುಡಿ ಮಾಡಿಸುವುದಿದೆ. ಹುರಿಯುವುದು ಹದಿನೈದು ನಿಮಿಷ ಮೀರುವಂತಿದೆ, ಕಾಳನ್ನು ಮನೆಯಲ್ಲೇ ಹುರಿದು ತರಬೇಕೇ ಎಂದು ಇನ್ನೂ ತೀರ್ಮಾನಿಸಿಲ್ಲ.